ಹಬ್ಬಕ್ಕೆ ಬಂದ ಹಳೆಯ ನಾಣ್ಯ

ದೀಪಾವಳಿಯ ರಜೆ ಮುಗಿದು ಶಾಲೆ ಕಾಲೇಜುಗಳು ಮತ್ತೆ ತೆರೆದಾಗ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ನಾಣ್ಯಸಂಗ್ರಹದ ಹವ್ಯಾಸವುಳ್ಳ ವಿದ್ಯಾರ್ಥಿಗಳು ಒಂದೆಡೆ ಸೇರಿದರೆಂದರೆ ಮಾತಿಗೆ ಕೊನೆಯೇ ಇರದು. ಒಬ್ಬನ ಕೈಯಲ್ಲಿ ಲಕ್ಷ್ಮೀಪೂಜೆಯ ದಿನ ಅಜ್ಜಿ ದೇವರ ಪೆಟ್ಟಿಗೆಯಿಂದ ತೆಗೆದುಕೊಟ್ಟ ಬೆಳ್ಳಿಯ ರೂಪಾಯಿ. ಇನ್ನೊಬ್ಬಳ ಕೈಯಲ್ಲಿ ಸೋದರಮಾವ ಉಡುಗೊರೆಯಾಗಿ ಕೊಟ್ಟ ತೂತಿನ ಕಾಸು. ಮತ್ತೊಬ್ಬನಲ್ಲಿ ಸಂತೆಯ ಹಳೆಯ ಪಾತ್ರೆಯ ವ್ಯಾಪಾರಿಯಿಂದ ಕೊಂಡ, ಆನೆಯ ಚಿತ್ರವಿರುವ ತಾಮ್ರದ ನಾಣ್ಯ. ಒಬ್ಬರದನ್ನು ಒಬ್ಬರು ನೋಡಿ ಸಂತೋಷಪಡುವ ಈ ಹೊತ್ತು ಹವ್ಯಾಸದ ಅತ್ಯಂತ ಸವಿಯಾದ ಹೊತ್ತು.

ಆದರೆ ಇಂಥ ನಾಣ್ಯಗಳಲ್ಲಿ ಕೆಲವು ಥಳಥಳನೆ ಹೊಳೆಯುತ್ತಿರುತ್ತವೆ. ಹಬ್ಬದ ಹಿಂದಿನ ದಿನ ಮನೆಯ ತಾಮ್ರ ಹಿತ್ತಾಳೆಯ ಪಾತ್ರೆಗಳೊಡನೆ ಅವನ್ನೂ ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿರುತ್ತಾರೆ. ನೋಡಿದವರು ಹೊಳಪನ್ನು ಮೆಚ್ಚುತ್ತಾರೆ. ಆ ಅರ್ಧ ನಿಮಿಷದ ಉಜ್ಜುವಿಕೆಯಲ್ಲಿ ನಾಣ್ಯವು ಕಳೆದುಕೊಂಡುದೇನು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನೇ ನಾವು ಇಲ್ಲಿ ವಿಚಾರ ಮಾಡೋಣ.

ಆನೆಯ ಚಿತ್ರವಿರುವ ತಾಮ್ರದ ನಾಣ್ಯವನ್ನೇ ತೆಗೆದುಕೊಳ್ಳಿ. ಅದು ಟೀಪು ಸುಲ್ತಾನನದಾಗಿರಬಹುದು. ಅವನ ನಂತರ ಆಳಿದ ಮುಮ್ಮಡಿ ಕೃಷ್ಣರಾಜ ಒಡೆಯರದೂ ಆಗಿರಬಹುದು. ಇಬ್ಬರೂ ಆನೆಯ ಮುದ್ರೆಯನ್ನು ಬಳಸಿದರು. ಒಡೆಯರ ನಾಣ್ಯದಲ್ಲಿ ಆನೆಯ ಮೇಲುಗಡೆ ಸೂರ್ಯ ಚಂದ್ರರ ಚಿಹ್ನೆಗಳನ್ನೋ ‘ಶ್ರೀ’ ಎಂಬ ಅಕ್ಷರವನ್ನೋ ಕಾಣುತ್ತೇವೆ. ಮುಂದೆ ಅವರ ನಾಣ್ಯಗಳಲ್ಲಿ ಆನೆಯ ಸ್ಥಾನಕ್ಕೆ ಸಿಂಹ ಬಂದಿತು. ಬೆಂಗಳೂರಿನ ಟಂಕಸಾಲೆ ೧೮೪೩ರಲ್ಲಿ ಮುಚ್ಚಿತು. ಟೀಪುವಿನ ನಾಣ್ಯವಾದರೆ ಅದರಲ್ಲಿ ವರ್ಷವನ್ನು ಹುಡುಕಬೇಕು. ಅವನು ಹೊಸದಾಗಿ ಜಾರಿಗೆ ತಂದ ಮೌಲೂದಿ ಶಕೆಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದೆ ಎಡದಿಂದ ಓದಿದವನಿಗೆ ೧೨೨೪ ಎಂಬುದು ೪೨೨೧ ಆಗಿ ಕಂಡು ತಬ್ಬಿಬ್ಬಾಗುತ್ತದೆ. ಖಗೋಳದಲ್ಲಿ ಆಸಕ್ತಿಯುಳ್ಳವರಿಗೆ ಇನ್ನೊಂದು ಸ್ವಾರಸ್ಯವುಂಟು: ಟೀಪು ತನ್ನ ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರುಗಳನ್ನಿಟ್ಟನು. ಪೈಸೆಗೆ ಜುಹರಾ, ಎಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಎಂದರೆ ಕುಜ. ಕಾಲು ಪೈಸೆಗೆ ಅಖ್ತರ್, ಎಂದರೆ ನಕ್ಷತ್ರ. ಅರೆಕಾಲು ಪೈಸೆಗೆ ಕುತ್ಬ್, ಎಂದರೆ ಧ್ರುವತಾರೆ.

ಈ ಸಂಗತಿಗಳೆಲ್ಲವೂ ಲೋಹದ ಮೈಮೇಲೆ ಕೂದಲೆಳೆಯಷ್ಟು ಎತ್ತರಕ್ಕೆ ಎದ್ದು ನಿಂತ ಗೆರೆಗಳಲ್ಲಿವೆ. ಆ ಗೆರೆಗಳು ಅಳಿದುವೆಂದರೆ ನಾಣ್ಯವು ಬರಿಯ ತಾಮ್ರದ ತುಂಡು.

ಇನ್ನು ಹುಣಸೆಹಣ್ಣು ಮಾಡುವ ಕೆಲಸವನ್ನು ನೋಡೋಣ. ಗಾಳಿಗೆ ಮೈಯೊಡ್ಡಿದ ತಾಮ್ರವು ಮೊದಲು ಆಮ್ಲಜನಕದೊಡನೆ ಕೂಡಿ ಕೆಂಗಂದು ಬಣ್ಣದ ಕ್ಯೂಪ್ರಸ್ ಆಕ್ಸೈಡಿನ ತೆಳುವಾದ ಪದರವನ್ನು ಹೊದೆಯುತ್ತದೆ. ಕಾಲಕ್ರಮದಲ್ಲಿ ತೇವ ಮತ್ತು ಇಂಗಾಲದ ಡೈಆಕ್ಸೈಡುಗಳ ಸಂಗದಿಂದ ಅದರ ಮೇಲೆ ಹಸುರಾದ ತಾಮ್ರದ ಕಾರ್ಬೊನೇಟು ಕೂಡುತ್ತದೆ. ನಾವು ಕಿಲುಬು ಎನ್ನುವುದು ಇದನ್ನೇ. ಪಾತ್ರೆಯಲ್ಲಿ ಕಿಲುಬು ಸಲ್ಲದು, ಅದು ಆಹಾರದೊಡನೆ ಸೇರಿ ಕೆಡುಕು ಮಾಡುತ್ತದೆ. ನಾಣ್ಯದ ಮಾತು ಬೇರೆ. ಗಟ್ಟಿಯಾಗಿ ಒತ್ತಾಗಿ ಕುಳಿತ ಈ ಪದರವು ಒಳಗಿನ ಲೋಹಕ್ಕೆ ಹೊದಿಕೆಯಾಗಿ ಮುಂದಿನ ಸವಕಳಿಯನ್ನು ನಿಧಾನಗೊಳಿಸುತ್ತದೆ. ಅನೇಕ ವೇಳೆ ಅಕ್ಷರದ ಸೂಕ್ಷ್ಮ ಗೆರೆಗಳು ಉಳಿದಿರುವುದೂ ಆ ಪದರದಲ್ಲಿಯೇ.

ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಈ ಪದರವನ್ನು ಕರಗಿಸಿಬಿಡುತ್ತದೆ. ಉಪ್ಪು ಇನ್ನೂ ಹೆಚ್ಚಿನ ಅಪಕಾರಿ. ಅದರ ಕ್ಲೋರೈಡು ಅಂಶವು ನಾಣ್ಯದ ಸಣ್ಣ ಸಣ್ಣ ಗುಳಿಗಳಲ್ಲಿ ಅಡಗಿ ಕುಳಿತು ತಾಮ್ರದೊಡನೆ ಕ್ಯೂಪ್ರಸ್ ಕ್ಲೋರೈಡ್ ಆಗುತ್ತದೆ. ತೇವದ ಗಾಳಿ ತಾಕಿದಾಗ ಅದು ತಿಳಿಹಸುರು ಪುಡಿಯಾಗಿ ಮಾರ್ಪಡುವುದರ ಜೊತೆಗೆ ಹೈಡ್ರೊಕ್ಲೋರಿಕ್ ಆಮ್ಲವೂ ಹುಟ್ಟುತ್ತದೆ. ಆ ಆಮ್ಲ ಹೊಸ ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಯೂಪ್ರಸ್ ಕ್ಲೋರೈಡು, ಮತ್ತೆ ಪುಡಿ, ಮತ್ತೆ ಆಮ್ಲ. ಹೀಗೆ ಚಕ್ರ ನಿಲ್ಲದೆ ತಿರುಗುತ್ತದೆ. ವಸ್ತುಸಂಗ್ರಹಾಲಯದವರು ಇದನ್ನು ‘ಕಂಚಿನ ರೋಗ’ ಎಂದು ಕರೆದು ಬಹಳ ಹೆದರುತ್ತಾರೆ. ಹಬ್ಬದ ದಿನ ಹೊಳೆದ ನಾಣ್ಯದ ಮೇಲೆ ಮುಂದಿನ ಮಳೆಗಾಲದಲ್ಲಿ, ಒರೆಸಿದರೂ ಮತ್ತೆ ಮತ್ತೆ ಮೂಡುವ ಸಡಿಲವಾದ ತಿಳಿಹಸುರು ಪುಡಿ ಕಂಡರೆ ಈ ರೋಗವೆಂದು ಶಂಕಿಸಬೇಕು. ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಮೊದಲ ಉಪಾಯ.

ಹಾಗಾದರೆ ನಮ್ಮ ಸೀಮೆಯ ಕೊಬ್ಬರಿ ಎಣ್ಣೆಯನ್ನಾದರೂ ಸವರಬಹುದೇ ಎಂದು ವಾಚಕರು ಕೇಳಬಹುದು. ಅದೂ ಬೇಡ. ಹಳತಾದ ಎಣ್ಣೆಯಲ್ಲಿ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ತಾಮ್ರದೊಡನೆ ಕೂಡಿ ಅಂಟಂಟಾದ ಹಸುರು ಸಾಬೂನಿನಂಥ ವಸ್ತುವಾಗುತ್ತವೆ. ಬೆಳ್ಳಿಯ ಕಥೆಯೂ ಬೇರೆಯಲ್ಲ. ಗಾಳಿಯಲ್ಲಿ ಲೇಶಮಾತ್ರವಿರುವ ಗಂಧಕದ ಅನಿಲಗಳಿಂದ ಬೆಳ್ಳಿಯ ಮೇಲೆ ಕಪ್ಪಾದ ಸಿಲ್ವರ್ ಸಲ್ಫೈಡು ಮೂಡುತ್ತದೆ. ಆ ಕಪ್ಪಿನಲ್ಲಿಯೂ ಬೆಳ್ಳಿಯುಂಟು. ವಿಭೂತಿಯಿಂದಲೋ ಬೂದಿಯಿಂದಲೋ ತಿಕ್ಕಿದಾಗಲೆಲ್ಲ ಕಪ್ಪಿನೊಡನೆ ಒಂದು ಪದರ ಬೆಳ್ಳಿಯೂ ಬಟ್ಟೆಗೆ ಹೋಗುತ್ತದೆ.

ತೂಕ ಹೋದರೆ ಏನಾಯಿತು ಎನ್ನಬೇಡಿ. ತೂಕವೇ ನಾಣ್ಯದ ಮುಖ್ಯ ಸಾಕ್ಷಿಗಳಲ್ಲೊಂದು. ಬ್ರಿಟಿಷರ ಕಾಲದ ರೂಪಾಯಿಯ ತೂಕ ಒಂದು ತೊಲ, ಎಂದರೆ ೧೧.೬೬ ಗ್ರಾಂ. ವಿಕ್ಟೋರಿಯಾ ರಾಣಿ ಮತ್ತು ಐದನೆಯ ಜಾರ್ಜರ ರೂಪಾಯಿಗಳಲ್ಲಿ ನೂರಕ್ಕೆ ಸುಮಾರು ೯೧.೭ ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವವಾದಾಗ ೧೯೪೦ರಲ್ಲಿ ಅದನ್ನು ನೂರಕ್ಕೆ ೫೦ಕ್ಕೆ ಇಳಿಸಿ, ತಾಮ್ರ, ನಿಕ್ಕಲ್, ಸತುಗಳನ್ನು ಬೆರೆಸಿದರು. ೧೯೪೭ರ ರೂಪಾಯಿ ಪೂರ್ತಿ ನಿಕ್ಕಲ್ಲಿನದು. ತಾಮ್ರವನ್ನು ಉಳಿಸಲೆಂದೇ ೧೯೪೩ರಿಂದ ಪೈಸೆಯ ನಡುವೆ ತೂತು ಮಾಡಿದರು. ಸೋದರಮಾವನ ಉಡುಗೊರೆಯ ಹಿಂದೆ ಒಂದು ಮಹಾಯುದ್ಧವೇ ಇದೆ!

ಅಜ್ಜಿ ಕೊಟ್ಟ ರೂಪಾಯಿಯಲ್ಲಿ ಬೆಳ್ಳಿ ಎಷ್ಟೆಂಬುದನ್ನು ಗೀರದೆ, ಆಮ್ಲ ಹಾಕದೆ ತಿಳಿಯಬಹುದು. ಆರ್ಕಿಮಿಡೀಸನ ತತ್ತ್ವವೇ ಸಾಕು. ಪ್ರಯೋಗಶಾಲೆಯ ತಕ್ಕಡಿಯಲ್ಲಿ ಮೊದಲು ಗಾಳಿಯಲ್ಲಿ ತೂಗಿ, ಬಳಿಕ ನವುರಾದ ದಾರದಿಂದ ನೀರಿನಲ್ಲಿ ತೂಗಬಿಟ್ಟು ತೂಗಿರಿ. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಬರುತ್ತದೆ. ಸವೆಯದ ಹಳೆಯ ರೂಪಾಯಿಯಾದರೆ ನೀರಿನಲ್ಲಿ ಸುಮಾರು ೧.೧೩ ಗ್ರಾಂ ಕಡಿಮೆಯಾಗಿ ಸಾಂದ್ರತೆ ೧೦.೩ರ ಹತ್ತಿರ ಬರುವುದು. ಯುದ್ಧಕಾಲದ್ದಾದರೆ ೧.೨೨ ಗ್ರಾಂ ಕಡಿಮೆಯಾಗಿ ೯.೫ರ ಹತ್ತಿರ, ನಿಕ್ಕಲ್ಲಿನದಾದರೆ ೧.೩೧ ಗ್ರಾಂ ಕಡಿಮೆಯಾಗಿ ೮.೯ ಬರುವುದು. ವ್ಯತ್ಯಾಸ ಸಣ್ಣದು, ಆದಕಾರಣ ಗ್ರಾಮಿನ ನೂರನೆಯ ಭಾಗವನ್ನು ತೋರಿಸುವ ತಕ್ಕಡಿ ಬೇಕು, ನಾಣ್ಯಕ್ಕೆ ಗಾಳಿಯ ಗುಳ್ಳೆ ಅಂಟಿರಬಾರದು. ನಿಕ್ಕಲ್ಲಿನ ರೂಪಾಯಿಗೆ ಇನ್ನೂ ಸುಲಭದ ಪರೀಕ್ಷೆಯುಂಟು: ಅದನ್ನು ಅಯಸ್ಕಾಂತ ಸೆಳೆಯುತ್ತದೆ, ಬೆಳ್ಳಿಯನ್ನು ಸೆಳೆಯದು. ಕಿಲುಬು ಹಿಡಿದ ತಾಮ್ರದ ನಾಣ್ಯವನ್ನು ಮಾತ್ರ ನೀರಿನಲ್ಲಿ ಅದ್ದಬೇಡಿ.

ಹಬ್ಬದ ಹಣ ಕೈಯಲ್ಲಿರುವಾಗ ಕೊಳ್ಳುವ ಆಸೆಯೂ ಹೆಚ್ಚು. ರಾಮ, ಸೀತೆ, ಹನುಮಂತರ ಚಿತ್ರವಿದ್ದು, ಈಸ್ಟ್ ಇಂಡಿಯಾ ಕಂಪೆನಿ ೧೮೧೮ ಎಂದು ಅಚ್ಚಾದ ಬಿಲ್ಲೆಗಳು ಜಾತ್ರೆ ಸಂತೆಗಳಲ್ಲಿ ಕಾಣುತ್ತವೆ. ಕಂಪೆನಿಯವರು ಇಂಥ ನಾಣ್ಯವನ್ನು ಹೊರಡಿಸಿರಲೇ ಇಲ್ಲ. ಅಕ್ಕಿಯನ್ನು ಸೆಳೆಯುವ ಅದ್ಭುತ ನಾಣ್ಯವೆಂದು ಲಕ್ಷಾಂತರ ರೂಪಾಯಿ ವಂಚಿಸಿದ ಪ್ರಕರಣಗಳೂ ನಡೆದಿವೆ. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ ಅಯಸ್ಕಾಂತವನ್ನು ಅಡಗಿಸಿಟ್ಟರೆ ಯಾವ ನಾಣ್ಯವಾದರೂ ಈ ಅದ್ಭುತವನ್ನು ತೋರಿಸೀತು! ಹಳೆಯ ನಾಣ್ಯಗಳಿಗೆ ಭಾರಿ ಬೆಲೆ ಕೊಡುವುದಾಗಿ ತನ್ನ ಹೆಸರಿನಲ್ಲಿ ನಡೆಯುತ್ತಿದ್ದ ಮೋಸದ ಬಗ್ಗೆ ಭಾರತೀಯ ರಿಜರ್ವ್ ಬ್ಯಾಂಕು ೨೦೨೧ರಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಹಣ ಕಡಿಮೆಯಿರುವವರು ೧೯೫೭ರ ದಶಮಾಂಶ ಪದ್ಧತಿಯ ನಯಾ ಪೈಸೆಗಳಿಂದ ಆರಂಭಿಸಲಿ. ‘ನಯಾ’ ಎಂಬ ಮಾತು ೧೯೬೪ರಲ್ಲಿ ಬಿಟ್ಟುಹೋದುದರಿಂದ ಪೂರ್ಣವಾಗಿ ಸಂಗ್ರಹಿಸಬಹುದಾದ ಚಿಕ್ಕ ಮಾಲೆ ಅದು.

ಎಲ್ಲಕ್ಕಿಂತ ಮಿಗಿಲಾದ ಇನ್ನೊಂದು ಸಾಕ್ಷಿಯುಂಟು. ಅದು ನಾಣ್ಯದ ಮೈಮೇಲಿಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯವೊಂದು ದೊರೆಯಿತು. ಅದು ನೆಲದ ಯಾವ ಪದರದಲ್ಲಿತ್ತು ಎಂಬುದನ್ನು ಗುರುತಿಸಿದ್ದರಿಂದಲೇ ಜೊತೆಯ ಮಡಕೆ ಚೂರುಗಳ ಕಾಲವನ್ನು ಊಹಿಸಲು ಆಧಾರ ಸಿಕ್ಕಿತು. ಅದೇ ನಾಣ್ಯ ಅಂಗಡಿಯ ಡಬ್ಬಿಯಲ್ಲಿ ಸಿಕ್ಕಿದ್ದರೆ ನಮ್ಮ ನಾಡಿನ ಚರಿತ್ರೆಗೆ ಅದರಿಂದ ಇಷ್ಟು ಉಪಕಾರವಾಗುತ್ತಿರಲಿಲ್ಲ. ಹೊಯ್ಸಳರ ದೇವಾಲಯಗಳು ನಿಂತಿರುವ ತುರುವೇಕೆರೆಯಂಥ ಊರಿನ ಸುತ್ತ ತೋಟಕ್ಕೆ ಗುಂಡಿ ತೋಡುವಾಗ ‘ಶ್ರೀ ತಲಕಾಡುಗೊಂಡ’ ಎಂಬ ಕನ್ನಡ ಅಕ್ಷರದ ವಿಷ್ಣುವರ್ಧನನ ಚಿನ್ನದ ನಾಣ್ಯವೇ ಸಿಕ್ಕಿತೆನ್ನಿ. ಅದನ್ನು ತೊಳೆಯದೆ, ಸ್ಥಳವನ್ನು ಕೆದಕದೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ೧೮೭೮ರ ನಿಧಿ ಕಾಯಿದೆಯ ಕಾಲದಿಂದಲೂ ಇದು ಕಾನೂನಿನ ಕಟ್ಟಳೆ.

ಮನೆಯಲ್ಲಿ ಬಂದ ಕಾಣಿಕೆಗೂ ಈ ಮಾತು ಸಲ್ಲುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಣ ಕಾಗದದ ಲಕೋಟೆಯಲ್ಲಿಟ್ಟು, ಒಂದು ಚೀಟಿಯಲ್ಲಿ ತೂಕ, ಅಡ್ಡಳತೆ, ಕೊಟ್ಟವರ ಹೆಸರು, ದಿನ ಇವಿಷ್ಟನ್ನು ಬರೆದಿಡಿ. ವಾಸನೆ ಬರುವ ಮೆತುವಾದ ಪ್ಲಾಸ್ಟಿಕ್ ಚೀಲಗಳು ಬೇಡ. ಅವು ಕಾಲಾನಂತರದಲ್ಲಿ ಆಮ್ಲವನ್ನು ಬಿಟ್ಟು ತಾಮ್ರವನ್ನು ಕೆಡಿಸುತ್ತವೆ. ಮುಂದಿನ ಹಬ್ಬದಲ್ಲಿ “ಅಜ್ಜಿ, ಪಾತ್ರೆಗಳನ್ನು ನಾನು ಉಜ್ಜಿಕೊಡುತ್ತೇನೆ, ನಾಣ್ಯಗಳನ್ನು ಮಾತ್ರ ಹಾಗೆಯೇ ಪೂಜೆಗಿಡೋಣ” ಎಂದರೆ ಯಾವ ಅಜ್ಜಿಯೂ ಬೇಡವೆನ್ನಲಾರರು.

ಹಾಗೆಯೇ ಅವರ ಪಕ್ಕದಲ್ಲಿ ಕುಳಿತು, ಈ ರೂಪಾಯಿ ಮನೆಗೆ ಬಂದುದು ಹೇಗೆಂದು ಕೇಳಿ. ಕೊಬ್ಬರಿ ಮಾರಿದ ಹಣವೋ, ತವರಿನವರು ಮಡಿಲಿಗೆ ಹಾಕಿದ್ದೋ, ಅವರೇ ಹೇಳಿಯಾರು. ಬೆಳ್ಳಿಯ ಪ್ರಮಾಣವನ್ನು ತಕ್ಕಡಿಯಿಂದ ನಾಳೆಯಾದರೂ ಅಳೆಯಬಹುದು. ಅಜ್ಜಿಯ ನೆನಪನ್ನು ಇಂದೇ ಬರೆದುಕೊಳ್ಳಬೇಕು.