ವಿದ್ಯಾರ್ಥಿಗಳ ಸಾಲವೂ ವಿಶ್ವವಿದ್ಯಾನಿಲಯಗಳ ದತ್ತಿಯೂ

ವಿಶ್ವವಿದ್ಯಾನಿಲಯಗಳಲ್ಲಿ ಸಂಚಿತವಾಗಿರುವ ದತ್ತಿಯ ದ್ರವ್ಯದಿಂದ ವಿದ್ಯಾರ್ಥಿಗಳ ಸಾಲವನ್ನು ತೀರಿಸಬೇಕೆ ಎಂಬ ಪ್ರಶ್ನೆಯು ಅಮೆರಿಕಾ ದೇಶದಲ್ಲಿ ಕೆಲವು ವರ್ಷಗಳಿಂದ ಬಿರುಸಾಗಿ ಚರ್ಚಿತವಾಗುತ್ತಿದೆ. ಅಲ್ಲಿಯ ವಿದ್ಯಾರ್ಥಿಗಳ ಸಾಲದ ಮೊತ್ತವು ಸುಮಾರು 1.7 ಲಕ್ಷ ಕೋಟಿ ಡಾಲರು. ಹಾರ್ವರ್ಡ್ ವಿಶ್ವವಿದ್ಯಾನಿಲಯವೊಂದರ ದತ್ತಿಯೇ 2024ರಲ್ಲಿ 5,300 ಕೋಟಿ ಡಾಲರುಗಳನ್ನು ಮೀರಿತ್ತು. ಕುಬೇರನ ಭಂಡಾರಕ್ಕೂ ಕುಂಸಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಭಂಡಾರವು ನಮ್ಮಲ್ಲಿ ಇಲ್ಲದಿದ್ದರೂ ಸಾಲವು ನಮ್ಮಲ್ಲಿಯೂ ಇದೆ.

ಒಂದು ಕಾಲದಲ್ಲಿ ಈ ಭಾಗದ ಹುಡುಗನು ಮೆಟ್ರಿಕ್ಯುಲೇಷನ್ ಮುಗಿಸಿದನೆಂದರೆ ಭದ್ರಾವತಿಯ ಕಡೆಗೆ ನೋಡುತ್ತಿದ್ದನು. 1923ರಲ್ಲಿ ಕುಲುಮೆ ಹೊತ್ತಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ, ಇವೆರಡೂ ಸಾವಿರಾರು ಮನೆಗಳಿಗೆ ಅನ್ನವಿತ್ತವು. ಕಾಗದದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದಲ್ಲಿಯೇ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರಲ್ಲಿ ಹೊರಬಿದ್ದು ಊರನ್ನೇ ತಲ್ಲಣಗೊಳಿಸಿತು. ಆದುದರಿಂದ ಈಗ ತಂದೆತಾಯಿಗಳ ಆಸೆಯೆಲ್ಲವೂ ಪದವಿಯ ಮೇಲೆ ನಿಂತಿದೆ. ಆ ಪದವಿಗಾಗಿ ಅವರು ಬ್ಯಾಂಕಿನ ಬಾಗಿಲಿಗೆ ಹೋಗುತ್ತಾರೆ. ಸಾಲದ ಪತ್ರಕ್ಕೆ ಮಗನ ಜೊತೆಯಲ್ಲಿ ತಂದೆಯೂ ರುಜು ಹಾಕುತ್ತಾನೆ.

ಈ ಸಾಲದ ಲೆಕ್ಕವನ್ನು ವಾಚಕರು ತಾವೇ ಹಾಕಿ ನೋಡಬಹುದು. ವರ್ಷಕ್ಕೆ ಒಂದು ಲಕ್ಷ ರೂಪಾಯಿಯಂತೆ ನಾಲ್ಕು ವರ್ಷ, ನೂರಕ್ಕೆ ಹತ್ತರ ಬಡ್ಡಿಯಲ್ಲಿ ಪಡೆದನೆನ್ನೋಣ. ಓದು ಮುಗಿದ ಮೇಲೆ ಒಂದು ವರ್ಷ ಅವಕಾಶವುಂಟು. ಆದರೆ ಬಡ್ಡಿಗೆ ರಜೆಯಿಲ್ಲ. ಕಂತು ಕಟ್ಟಲು ಆರಂಭಿಸುವ ದಿನಕ್ಕೆ 4 ಲಕ್ಷವು ಸರಳ ಬಡ್ಡಿಯೊಡನೆ 5 ಲಕ್ಷ 40 ಸಾವಿರವಾಗಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಹದಿನೈದು ಸಾವಿರದ ಸಂಬಳಕ್ಕೆ ಬೆಂಗಳೂರಿನಲ್ಲಿ ಕೋಣೆ ಹಿಡಿದ ಹುಡುಗನು ಇದರಲ್ಲಿ ಏನನ್ನು ಉಣ್ಣಬೇಕು, ಮನೆಗೆ ಏನನ್ನು ಕಳುಹಿಸಬೇಕು? ಕಂತು ತಪ್ಪಿದರೆ ಪತ್ರವು ಬರುವುದು ಹಳ್ಳಿಯ ತಂದೆಯ ವಿಳಾಸಕ್ಕೆ.

ಹಿಂದಿನವರು ಋಷಿಋಣವೆಂದು ಒಂದು ಋಣವನ್ನು ಹೇಳಿದರು. ಕಲಿತವನು ಕಲಿಸಿ ಆ ಋಣವನ್ನು ತೀರಿಸಬೇಕಾಗಿತ್ತು. ಬಡ್ಡಿಯ ಮಾತು ಅಲ್ಲಿರಲಿಲ್ಲ. ಹಾಗೆಂದು ಆಗ ವಿದ್ಯೆಯು ಗಾಳಿಯಲ್ಲಿ ಬೆಳೆಯಲಿಲ್ಲ. ಅದಕ್ಕೂ ಹಣ ಬೇಕಾಗಿತ್ತು. ನಮ್ಮ ಜಿಲ್ಲೆಯ ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತು 1162ನೆಯ ಇಸವಿಯ ಶಾಸನವೊಂದಿದೆ. ವೇದ, ವ್ಯಾಕರಣ, ದರ್ಶನಗಳ ವ್ಯಾಸಂಗವೂ ದೀನರಿಗೆ ಅನ್ನದಾನವೂ ಅಲ್ಲಿ ನಡೆಯುತ್ತಿದ್ದುವೆಂದು ಅದು ವರ್ಣಿಸುತ್ತದೆ. ಭೂಮಿಯ ದತ್ತಿಯಿಂದ ವಿದ್ಯೆಯನ್ನು ಪೋಷಿಸುವ ಪದ್ಧತಿಯು ಈ ನೆಲಕ್ಕೆ ಅಮೆರಿಕಾದಿಂದ ಬರಬೇಕಾದುದಲ್ಲ. ಸಮೀಪದ ಕಾಲದಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತಮ್ಮ ಸಮಸ್ತ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟು ಹೋದರು.

ಆದರೆ ಇಂದಿನ ನಮ್ಮ ವಿಶ್ವವಿದ್ಯಾನಿಲಯಗಳ ಸ್ಥಿತಿಯೇನು? 1987ರಲ್ಲಿ ಸ್ಥಾಪಿತವಾಗಿ ಶಂಕರಘಟ್ಟದಲ್ಲಿ ನೆಲೆಗೊಂಡ ಕುವೆಂಪು ವಿಶ್ವವಿದ್ಯಾನಿಲಯವೂ ಅದರಂತಹ ಇತರ ಸಂಸ್ಥೆಗಳೂ ಸರಕಾರದ ಅನುದಾನವನ್ನೂ ಶುಲ್ಕವನ್ನೂ ನಂಬಿ ನಡೆಯತಕ್ಕವು. ಅವುಗಳಲ್ಲಿ ದತ್ತಿಯೆಂದರೆ ಬಹುಮಟ್ಟಿಗೆ ಚಿನ್ನದ ಪದಕ, ನಗದು ಬಹುಮಾನ, ವಾರ್ಷಿಕ ಉಪನ್ಯಾಸ, ಇಷ್ಟೆ. 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣದ ಅಭಾವದಿಂದ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚಬಹುದೆಂದು ಶಿಫಾರಸು ಮಾಡಿದ ನಾಡು ನಮ್ಮದು. ಇಂತಹ ಸಂಸ್ಥೆಗಳು ಎಲ್ಲರ ಸಾಲವನ್ನೂ ತೀರಿಸಬೇಕೆಂದರೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾದೀತು. ಮೇಲಾಗಿ, ಒಬ್ಬ ದಾನಿಯು ಪದಕಕ್ಕೆಂದು ಕೊಟ್ಟ ಹಣವನ್ನು ಬೇರೊಂದಕ್ಕೆ ಮನಬಂದಂತೆ ತಿರುಗಿಸುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ. ಕೂಲಿಗೆ ಹೋಗಿ ಸಾಲವನ್ನೇ ಮಾಡದ ಹುಡುಗನಿಗೆ ಏನು ಸಿಕ್ಕಿತೆಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ.

ದತ್ತಿಯು ಕೆರೆಯಿದ್ದಂತೆ. ಬೆಳೆ ಒಣಗಿತೆಂದು ಏರಿಯನ್ನೇ ಒಡೆದರೆ ಈ ವರ್ಷದ ಗದ್ದೆ ಕೊಚ್ಚಿಹೋಗಿ ಮುಂದಿನ ವರ್ಷದ ಗದ್ದೆ ಬೀಳಾಗುತ್ತದೆ. ಹಾಗೆಂದು ತೂಬನ್ನೇ ತೆರೆಯದೆ ಕೆರೆಯ ಚೆಲುವನ್ನು ನೋಡುತ್ತ ಕುಳಿತರೆ ಅದನ್ನು ಕಟ್ಟಿಸಿದ ಪ್ರಯೋಜನವೇನು? ಒಂದು ಕೋಟಿ ರೂಪಾಯಿಯ ನಿಧಿಗೆ ನೂರಕ್ಕೆ ಏಳರಂತೆ ವರ್ಷಕ್ಕೆ 7 ಲಕ್ಷ ಬರುತ್ತದೆ. ಮೇಲೆ ಹೇಳಿದಂತಹ ಸಾಲವನ್ನು ಪೂರ್ತಿ ತೀರಿಸಲು ಹೊರಟರೆ ಅದು ಒಬ್ಬನಿಗೆ ಸಾಕಾಗಿ ಇನ್ನೊಬ್ಬನಿಗೆ ಸಾಲದು. ಓದಿನ ಕಾಲದಲ್ಲಿ ಬೆಳೆದ 1 ಲಕ್ಷ 40 ಸಾವಿರದ ಬಡ್ಡಿಯನ್ನು ಮಾತ್ರ ಹೊತ್ತರೆ ಪ್ರತಿ ವರ್ಷವೂ ಐವರು ಪಾರಾಗುತ್ತಾರೆ. ಮೂಲಧನ ಹಾಗೆಯೇ ಉಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ದತ್ತಿಯ ನ್ಯಾಯವಾದ ಕೆಲಸವು ಇದು.

ಇದಕ್ಕೂ ಮೇಲಾದ ದಾರಿಯೊಂದನ್ನು ಜಮ್ಷೇಟ್‌ಜಿ ತಾತಾ ಅವರು 1892ರಲ್ಲಿಯೇ ತೋರಿಸಿದ್ದಾರೆ. ಹೊರದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರಿಗೆ ಅವರ ದತ್ತಿಯು ಸಾಲರೂಪದ ವಿದ್ಯಾರ್ಥಿವೇತನವನ್ನು ಕೊಟ್ಟಿತು. ಕಲಿತವನು ಹಿಂದಿರುಗಿಸಿದ ಹಣವು ಮುಂದಿನವನಿಗೆ ಒದಗಿತು. ನಮ್ಮ ನಾಡಿನ ವಿಜ್ಞಾನಿ ರಾಜಾ ರಾಮಣ್ಣನವರು ಈ ನೆರವು ಪಡೆದವರಲ್ಲೊಬ್ಬರು. ಇನ್ನು ಅಮೆರಿಕಾದಿಂದ ಕಲಿಯತಕ್ಕದ್ದೂ ಇಲ್ಲದಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 2001ರಲ್ಲಿ ತನ್ನ ನೆರವಿನಲ್ಲಿ ಸಾಲವನ್ನು ಬಿಟ್ಟು ಅನುದಾನವನ್ನೇ ಕೊಡಲಾರಂಭಿಸಿತು. ಸಾಲವಾದ ಮೇಲೆ ತೀರಿಸುವುದಕ್ಕಿಂತ ಸಾಲವಾಗದಂತೆ ನೋಡುವುದು ಮೇಲು.

ಆದುದರಿಂದ ನಾವು ಮೂರು ಮಾತುಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಪ್ರತಿ ವಿಶ್ವವಿದ್ಯಾನಿಲಯವೂ ತನ್ನಲ್ಲಿರುವ ದತ್ತಿಗಳ ಮೊತ್ತ, ಉದ್ದೇಶ, ಆದಾಯ, ವೆಚ್ಚಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಎರಡನೆಯದಾಗಿ, ಹೊಸದಾಗಿ ದತ್ತಿಯಿಡಲು ಬರುವ ಮಹನೀಯರಿಗೆ, ಪದಕವೊಂದಕ್ಕೆ ಬದಲಾಗಿ ಬಡ್ಡಿಯ ನಿಧಿಗೆ ತಮ್ಮ ಹಿರಿಯರ ಹೆಸರನ್ನಿಡಬಹುದೆಂದು ಅಧಿಕಾರಿಗಳು ವಿನಯದಿಂದ ತಿಳಿಸಲಿ. ಪದಕವು ಪೆಟ್ಟಿಗೆಯಲ್ಲಿ ಮಲಗುತ್ತದೆ. ಬಿಡುಗಡೆಯಾದ ಮನೆಯು ಆ ಹೆಸರನ್ನು ನೆನೆಯುತ್ತದೆ. ಮೂರನೆಯದಾಗಿ, ಈಗಾಗಲೇ ಇರುವ ನೆರವಾದರೂ ಅರ್ಹರ ಕೈಗೆ ಸೇರಲಿ. ವಾರ್ಷಿಕ ನಾಲ್ಕೂವರೆ ಲಕ್ಷದೊಳಗಿನ ವರಮಾನದ ಕುಟುಂಬಗಳ ಮಕ್ಕಳು ವೃತ್ತಿ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಪಡೆಯುವ ಸಾಲದ ಮೇಲೆ, ಓದಿನ ಕಾಲದ ಬಡ್ಡಿಯನ್ನು ನಿಬಂಧನೆಗಳಿಗೆ ಒಳಪಟ್ಟು ಕೇಂದ್ರ ಸರಕಾರವೇ ಭರಿಸುವ ಯೋಜನೆಯು 2009ರಿಂದ ಇದೆ. 2024ರಲ್ಲಿ ಮಂಜೂರಾದ ವಿದ್ಯಾಲಕ್ಷ್ಮಿ ಯೋಜನೆಯು, ಅದಕ್ಕೆ ಆಯ್ಕೆಯಾದ ವಿದ್ಯಾಸಂಸ್ಥೆಗಳ ಮಟ್ಟಿಗೆ, ಎಂಟು ಲಕ್ಷದವರೆಗಿನ ವರಮಾನದವರಿಗೂ ನೂರಕ್ಕೆ ಮೂರರ ರಿಯಾಯಿತಿಯನ್ನು ಕೊಡುತ್ತದೆ. ಇದಕ್ಕೆ ವರಮಾನದ ದೃಢೀಕರಣ ಪತ್ರ ಬೇಕು. ಅದು ದೊರೆಯುವುದು ನಾಡಕಚೇರಿಯಲ್ಲಿ. ತಿಳಿಯದವನಿಗೆ ಇದ್ದೂ ಇಲ್ಲದಂತೆಯೇ ಸರಿ.

ಈ ಪತ್ರಿಕೆಯನ್ನೋದುವ ಬ್ಯಾಂಕಿನ ಅಧಿಕಾರಿಗಳೂ ಕಚೇರಿಯ ನೌಕರರೂ ಕಾಲೇಜಿನ ಅಧ್ಯಾಪಕರೂ ಸಾಲದ ಪತ್ರವು ತಮ್ಮ ಮುಂದೆ ಬಂದ ದಿನ ಆ ಸಂಗತಿಯನ್ನು ಒಂದು ಮಾತಿನಲ್ಲಿ ತಿಳಿಸಿದರೂ ಸಾಕು. ಅದಕ್ಕೆ ದತ್ತಿಯೂ ಬೇಡ, ಶಾಸನವೂ ಬೇಡ. ದತ್ತಿಯ ಪ್ರಶ್ನೆಯನ್ನು ವಿಶ್ವವಿದ್ಯಾನಿಲಯಗಳು ನಿರ್ಣಯಿಸಲಿ. ಈ ಕೆಲಸವನ್ನು ನಾವು ಇಂದೇ ಆರಂಭಿಸಬಹುದು.