ರಕ್ತದ ಗುಂಪು ಕೂಡಿದರೆ ಸಾಲದೇ?

ಪ್ರಶ್ನೆ: ಅಣ್ಣನಿಗೆ ಲಿವರ್ ಕೊಡಲು ನಾನು ತಯಾರಿದ್ದೇನೆ. ಇಬ್ಬರದೂ ಒಂದೇ ರಕ್ತದ ಗುಂಪು. ಮತ್ತೇಕೆ ಇಷ್ಟೆಲ್ಲ ಪರೀಕ್ಷೆ?
– ಓದುಗರು, ಬೊಬ್ರುವಾಡ, ಅಂಕೋಲಾ

ಉತ್ತರ: ರಕ್ತದ ಗುಂಪು ಬರೀ ಹೊಸ್ತಿಲು. ವೈದ್ಯರ ಎದುರು ಕೂತಿರುವ ನಿಮಗೆ ಕಾಯಿಲೆಯೇ ಇಲ್ಲ, ಶಸ್ತ್ರಚಿಕಿತ್ಸೆಯಿಂದ ನಿಮ್ಮ ದೇಹಕ್ಕೆ ಲಾಭವೂ ಇಲ್ಲ. ಆದ್ದರಿಂದಲೇ ಅವರಿಗೆ ಅಷ್ಟು ಅಂಜಿಕೆ.

ಸಿ.ಟಿ. ಸ್ಕ್ಯಾನ್‌ನಲ್ಲಿ ಲಿವರಿನ ಗಾತ್ರ ಅಳೆಯುತ್ತಾರೆ. ದೊಡ್ಡವರಿಗೆ ಕೊಡುವಾಗ ಸಾಮಾನ್ಯವಾಗಿ ತೆಗೆಯುವುದು ಬಲಭಾಗ. ದಾನಿಯಲ್ಲಿ ಶೇ. 30–35ರಷ್ಟಾದರೂ ಉಳಿಯಬೇಕು; ರೋಗಿಗೆ ಸಿಗುವ ತುಂಡು ಅವರ ತೂಕದ ಶೇ. 0.8ರಷ್ಟಿರಬೇಕೆಂಬುದು ರೂಢಿಯ ಲೆಕ್ಕ. ಅಣ್ಣ 60 ಕೆ.ಜಿ. ಇದ್ದರೆ ಸುಮಾರು 480 ಗ್ರಾಂ. ಎರಡೂ ಲೆಕ್ಕ ಒಟ್ಟಿಗೆ ಕೂಡದೆ ಎಷ್ಟೋ ಮಂದಿ ವಾಪಸಾಗುತ್ತಾರೆ. ಪಿತ್ತನಾಳ ಕವಲೊಡೆಯುವ ರೀತಿಯೂ ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದಕ್ಕೆ ಎಂ.ಆರ್.ಐ. ಹೆಂಡ ಮುಟ್ಟದವರ ಲಿವರಿನಲ್ಲೂ ಕೊಬ್ಬು ಕೂತಿರಬಹುದು; ಅದು ಹೆಚ್ಚಿದ್ದರೆ ದಾನ ಆಗದು. ಕೆಲವರು ತೂಕ ಇಳಿಸಿಕೊಂಡು ಬಂದು ಪಾಸಾಗುವುದುಂಟು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮನೆಯವರನ್ನು ಹೊರಗೆ ಕಳಿಸಿ ನಿಮ್ಮೊಬ್ಬರ ಜತೆಗೇ ನಡೆಸುವ ಮಾತುಕತೆ. ಒಳಗೊಳಗೇ ಹೆದರಿಕೆಯಿದ್ದರೆ ಅಲ್ಲಿ ಹೇಳಿಬಿಡಿ. ಹಿಂದೆ ಸರಿದವರ ಗುಟ್ಟನ್ನು ಒಳ್ಳೆಯ ತಂಡ ಬಿಟ್ಟುಕೊಡುವುದಿಲ್ಲ. ‘ದಾನಕ್ಕೆ ಹೊಂದುವುದಿಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸುತ್ತದೆ.

1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಒಡಹುಟ್ಟಿದವರು ಹತ್ತಿರದ ಸಂಬಂಧಿಗಳೇ. ಭಾವ, ಅತ್ತಿಗೆ ಕೊಡುವುದಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಉಳಿದ ಲಿವರ್ ಕೆಲ ತಿಂಗಳಲ್ಲಿ ಬಹುಮಟ್ಟಿಗೆ ಬೆಳೆಯುತ್ತದೆ, ನಿಜ. ಆದರೂ ಅಪರೂಪಕ್ಕೆ ದಾನಿಯ ಜೀವಕ್ಕೇ ಅಪಾಯವಾಗುತ್ತದೆ. ಸಹಿ ಹಾಕುವ ಮುನ್ನ ಆ ಅಪಾಯದ ಪ್ರಮಾಣವನ್ನು ಸರ್ಜನ್ ಬಾಯಿಂದಲೇ ಕೇಳಿ.