ಕರೆ ಬಾರದವರು ಕಟ್ಟಿದ ಕೂಟ

ನ್ಯೂಯಾರ್ಕಿನ ಬರ್ನಾರ್ಡ್ ಮಹಿಳಾ ಕಾಲೇಜು 1889ರಲ್ಲಿ ಆರಂಭವಾದುದಕ್ಕೆ ಆ್ಯನಿ ನೇಥನ್ ಮೇಯರ್ ಎಂಬ ಯಹೂದಿ ಮಹಿಳೆಯ ಹಟ ಮುಖ್ಯ ಕಾರಣ. ಕೊಲಂಬಿಯಾ ಕಾಲೇಜಿನ ತರಗತಿಗಳು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಕಾಲದಲ್ಲಿ ಆಕೆ ಗಣ್ಯರನ್ನು ಒಪ್ಪಿಸಿ, ಹಣ ಕೂಡಿಸಿ ಈ ಕಾಲೇಜಿಗೆ ದಾರಿ ಮಾಡಿದರು. ಇಪ್ಪತ್ತು ವರ್ಷಗಳ ಬಳಿಕ ಅದೇ ಕಾಲೇಜಿನಲ್ಲಿ ಏಳು ಯಹೂದಿ ಹುಡುಗಿಯರು ತಮ್ಮದೇ ಪ್ರತ್ಯೇಕ ಕೂಟವೊಂದನ್ನು ಕಟ್ಟಿಕೊಂಡರು. ಏಕೆ?

ಅಮೆರಿಕದ ಕಾಲೇಜುಗಳ ‘ಸೊರೊರಿಟಿ’ ನಮ್ಮಲ್ಲಿನ ವಿದ್ಯಾರ್ಥಿ ಸಂಘದಂತಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಸೊರೊರ್’ ಎಂದರೆ ಸೋದರಿ. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಿನ ವಿಧಿಗಳು, ಎದೆಗೆ ಸಿಕ್ಕಿಸುವ ಬಿಲ್ಲೆ ಇದರ ಗುರುತು. ಚಂದಾ ಕೊಟ್ಟ ಮಾತ್ರಕ್ಕೆ ಯಾರೂ ಸೇರುವಂತಿಲ್ಲ. ಇರುವ ಸದಸ್ಯೆಯರೇ ಆರಿಸಿ ಕರೆಯಬೇಕು. ಗೆಳೆತನ, ಔತಣ, ಮುಂದೆ ಬದುಕಿಗೆ ಒದಗುವ ಪರಿಚಯ, ಎಲ್ಲವೂ ಆ ಕರೆಯ ಹಿಂದೆ ಬರುತ್ತವೆ. ಹಲವು ಕೂಟಗಳು ಯಹೂದಿಯರನ್ನು ಕರೆಯುತ್ತಿರಲಿಲ್ಲ. ಕೆಲವು ಲಿಖಿತ ನಿಯಮದಿಂದ, ಕೆಲವು ಬರಿಯ ರೂಢಿಯಿಂದ.

ಮೊದಲ ಉತ್ತರ ಬಂದದ್ದು 1903ರಲ್ಲಿ, ಇಂದು ಹಂಟರ್ ಕಾಲೇಜು ಎನಿಸಿರುವ ನ್ಯೂಯಾರ್ಕಿನ ನಾರ್ಮಲ್ ಕಾಲೇಜಿನಿಂದ. ಅಲ್ಲಿ ಹುಟ್ಟಿದ್ದು ‘ಅಯೋಟ ಆಲ್ಫಾ ಪೈ’. ಬಳಿಕ 1909ರ ಅಕ್ಟೋಬರ್ 24ರಂದು ಬರ್ನಾರ್ಡ್‌ನಲ್ಲಿ ಹೆಲೆನ್ ಫಿಲಿಪ್ಸ್ ಮತ್ತು ಆಕೆಯ ಆರು ಮಂದಿ ಗೆಳತಿಯರು ‘ಆಲ್ಫಾ ಎಪ್ಸಿಲಾನ್ ಫೈ’ ಸ್ಥಾಪಿಸಿದರು. ಇದು ಪೂಜೆ ಪ್ರಾರ್ಥನೆಯ ಮಂಡಳಿಯಲ್ಲ. ಓದಿನ ದಿನಗಳ ಗೆಳೆತನ ಬಾಳಿನುದ್ದಕ್ಕೂ ಉಳಿಯಲಿ ಎಂಬುದೇ ಅವರ ಆಸೆ.

ಆದರೆ ಕರೆದು ಸೇರಿಸುವ ಪದ್ಧತಿಯಲ್ಲಿ ಕರೆಯದೆ ಬಿಡುವುದೂ ಅಡಗಿದೆ. ಇಂಥ ಕೂಟಗಳು ಪ್ರಜಾಸತ್ತೆಗೆ ಒಪ್ಪುವಂಥವೇ ಎಂಬ ಚರ್ಚೆ ಬರ್ನಾರ್ಡ್‌ನಲ್ಲಿ ಎದ್ದು, 1913ರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ತಡೆ ಬಿತ್ತು. ಬಾಗಿಲು ಮುಚ್ಚಿದವರಿಗೂ, ಮುಚ್ಚಿದ ಬಾಗಿಲಿನ ಹೊರಗೆ ನಿಂತವರಿಗೂ ಒಂದೇ ತೀರ್ಪು! ತೌರಿನಲ್ಲಿ ನೆಲೆ ತಪ್ಪಿದರೂ ಏಳು ಗೆಳತಿಯರ ಕೂಟ ಬೇರೆ ಕಾಲೇಜುಗಳಲ್ಲಿ ಬೇರೂರಿತು. 1950ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅದರ ಸದಸ್ಯೆಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು.

ಅದೇ 1913ರ ನವೆಂಬರ್‌ನಲ್ಲಿ ನಾರ್ಮಲ್ ಕಾಲೇಜಿನ ಹತ್ತು ಹುಡುಗಿಯರು ಇನ್ನೊಂದು ದಾರಿ ಹಿಡಿದರು. ಅವರು ಕಟ್ಟಿದ ‘ಫೈ ಸಿಗ್ಮಾ ಸಿಗ್ಮಾ’ ಯಾವ ಮತದವಳಿಗೂ ಪ್ರವೇಶವುಂಟು ಎಂದು ಸಾರಿತು. ಹಳೆಯ ಕೂಟಗಳ ಮತಭೇದದ ನಿಯಮಗಳು ಅಳಿಯಲು ಎರಡನೆಯ ಮಹಾಯುದ್ಧ ಮುಗಿದು ಮತ್ತೂ ಕೆಲವು ದಶಕಗಳು ಬೇಕಾದವು. ಮೊದಲನೆಯದಾದ ‘ಅಯೋಟ ಆಲ್ಫಾ ಪೈ’ 1971ರಲ್ಲಿ ಮುಚ್ಚಿತು. ಬರ್ನಾರ್ಡ್‌ನ ಏಳು ಗೆಳತಿಯರ ಕೂಟ ಮಾತ್ರ ಇಂದಿಗೂ ಇದೆ. ಈಗ ಅಲ್ಲಿಗೆ ಸೇರುವ ಹುಡುಗಿ ಬೇರೆಡೆ ಬಾಗಿಲು ಮುಚ್ಚಿದೆಯೆಂದು ಬರಬೇಕಾಗಿಲ್ಲ.